ಗೆದ್ದ ಮೇಲೂ ಹೊಸ್ತಿಲಲ್ಲೇ ನಿಂತವರು

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿ ಹೋಗಿದ್ದು 1865ರಲ್ಲಿ. ಆದರೆ 1870ರಲ್ಲೇ ಕಪ್ಪು ಜನ ಅಲ್ಲಿನ ಸಂಸತ್ತಿನಲ್ಲಿ ಕೂತಿದ್ದರು ಅಂತ ಓದಿದೆ. ಐದೇ ವರ್ಷದಲ್ಲಿ ಅದು ಹೇಗಾಯಿತು? ಕೆಲವರು ಚುನಾವಣೆ ಗೆದ್ದರೂ ಅವರನ್ನು ಒಳಗೆ ಕೂರಿಸಲೇ ಇಲ್ಲವಂತೆ. ಗೆದ್ದವರನ್ನು ಬೇಡ ಅನ್ನಲು ಸಂಸತ್ತಿಗೆ ಅಧಿಕಾರ ಇತ್ತಾ? ಆಮೇಲೆ ಅವರೆಲ್ಲ ಎಲ್ಲಿಗೆ ಹೋದರು?

ಉತ್ತರ: ನಿಮ್ಮ ನಡುವಿನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಮಿಕ್ಕ ಎರಡೂ ಸಲೀಸು. ಹೌದು, ಅಧಿಕಾರ ಇತ್ತು. ಅಮೆರಿಕದ ಸಂವಿಧಾನದ ಒಂದನೇ ವಿಧಿ, ಐದನೇ ಸೆಕ್ಷನ್ ತೆಗೆದು ನೋಡಿ. ತನ್ನ ಸದಸ್ಯರ ಚುನಾವಣೆ ಸರಿಯಾಗಿ ನಡೆದಿದೆಯಾ, ಫಲಿತಾಂಶ ಸರಿ ಇದೆಯಾ, ಅವರಿಗೆ ಅರ್ಹತೆ ಇದೆಯಾ ಅನ್ನೋದನ್ನು ಆಯಾ ಸದನವೇ ತೀರ್ಮಾನ ಮಾಡುತ್ತದೆ ಅಂತ ಬರೆದಿದೆ. ನಮ್ಮಲ್ಲಿ ಸೋತವರಿಗೆ ತಕರಾರಿದ್ದರೆ ಹೈಕೋರ್ಟಿಗೆ ಹೋಗುತ್ತಾರೆ. ಅಲ್ಲಿ ಹಾಗಲ್ಲ. ಸದನವೇ ಕೋರ್ಟು, ಸದಸ್ಯರೇ ಜಡ್ಜು. ಅಂದರೆ ಬಹುಮತ ಯಾರ ಕೈಯಲ್ಲಿದೆಯೋ ಅವರೇ ಬಾಗಿಲು ಕಾಯುವವರು.

ಇದು ಸುಮ್ನೆ ಕಾಗದದ ಮೇಲಿನ ಮಾತಾಗಿರಲಿಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಯಾರು ಸದಸ್ಯರು, ಯಾರು ಅಲ್ಲ ಅನ್ನೋದು ಎಷ್ಟೋ ಸಲ ಮತಪೆಟ್ಟಿಗೆಯ ಹತ್ತಿರ ತೀರ್ಮಾನವಾಗಲಿಲ್ಲ, ಈ ಬಾಗಿಲಲ್ಲೇ ತೀರ್ಮಾನವಾಯಿತು. ನಾನು ಈ ಕಾಲದ ಬಗ್ಗೆ ಓದುತ್ತಾ ಹೋದಷ್ಟೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊದಲು ಒಂದೆರಡು ಸಣ್ಣ ವಿಷಯ ಹೇಳಿಬಿಡುತ್ತೇನೆ. ಅಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್, ನಮ್ಮ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಸದನ. ಕೆಳಮನೆಗೆ ಜನ ನೇರವಾಗಿ ಮತ ಹಾಕುತ್ತಾರೆ, ಅವಧಿ ಎರಡೇ ವರ್ಷ. ಮೇಲ್ಮನೆ ಸೆನೆಟ್, ರಾಜ್ಯಕ್ಕೆ ಇಬ್ಬರು, ಆರು ವರ್ಷ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ಆಯಾ ರಾಜ್ಯದ ಶಾಸಕರು, ಹೆಚ್ಚುಕಡಿಮೆ ನಮ್ಮ ರಾಜ್ಯಸಭೆಯ ಹಾಗೆ. ಜನರೇ ನೇರವಾಗಿ ಆರಿಸುವ ಪದ್ಧತಿ ಬಂದಿದ್ದು 1913ರ 17ನೇ ತಿದ್ದುಪಡಿಯಿಂದ. ಅರ್ಹತೆ ಬಹಳ ಕಡಿಮೆ. ಕೆಳಮನೆಗೆ 25 ವರ್ಷ ವಯಸ್ಸು, 7 ವರ್ಷದ ಪೌರತ್ವ. ಸೆನೆಟ್‌ಗೆ 30 ವರ್ಷ ವಯಸ್ಸು, 9 ವರ್ಷದ ಪೌರತ್ವ. ಆಯಾ ರಾಜ್ಯದ ನಿವಾಸಿ ಆಗಿರಬೇಕು. ಅಷ್ಟೇ. ಈ ಸಾಲುಗಳು ಇವತ್ತಿಗೂ ಹಾಗೇ ಇವೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರಲ್ಲಿ ಮಿಷಿಗನ್ ರಾಜ್ಯದಿಂದ ಕೆಳಮನೆಗೆ ಹೋದಾಗಲೂ ಇದೇ 7 ವರ್ಷದ ನಿಯಮ. ಸೆನೆಟ್‌ನ ಆ 9 ವರ್ಷವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 1865ರ ಡಿಸೆಂಬರ್ 4ಕ್ಕೆ ಹೋಗೋಣ. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟು ಬಂಡಾಯ ಎದ್ದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟಕ್ಕೂ ನಡೆದ ಅಂತರ್ಯುದ್ಧ ಮುಗಿದು ಏಳೆಂಟು ತಿಂಗಳಾಗಿತ್ತು. ಸೋತ ದಕ್ಷಿಣದ ರಾಜ್ಯಗಳು ಸದ್ದಿಲ್ಲದೆ ಚುನಾವಣೆ ನಡೆಸಿ, ಗೆದ್ದವರನ್ನು ವಾಷಿಂಗ್ಟನ್‌ಗೆ ಕಳಿಸಿದ್ದವು. ಅವರಲ್ಲಿ ಅನೇಕರು ನಿನ್ನೆ ಮೊನ್ನೆಯವರೆಗೆ ಅದೇ ದೇಶದ ವಿರುದ್ಧ ಬಂದೂಕು ಹಿಡಿದಿದ್ದವರು. ಹೊಸ ಕೆಳಮನೆ ಸೇರಿದಾಗ ಇನ್ನೂ ಸ್ಪೀಕರ್ ಇರುವುದಿಲ್ಲ ಅಲ್ವಾ? ಹಾಗಾಗಿ ಹಿಂದಿನ ಸದನದ ಕ್ಲರ್ಕ್ ಹಾಜರಿ ಕೂಗುತ್ತಾರೆ. ಅವತ್ತಿನ ಕ್ಲರ್ಕ್ ಎಡ್ವರ್ಡ್ ಮ್ಯಾಕ್‌ಫರ್ಸನ್. ರಾಜ್ಯಗಳ ಹೆಸರು ಓದುತ್ತಾ ಹೋದರು, ದಕ್ಷಿಣದ ರಾಜ್ಯಗಳನ್ನು ಬಿಟ್ಟೇಬಿಟ್ಟರು. ಟೆನೆಸ್ಸಿಯ ಹೊರೇಸ್ ಮೇನಾರ್ಡ್ ಎದ್ದು ನಿಂತರು. ಅವರು ಯುದ್ಧದುದ್ದಕ್ಕೂ ಒಕ್ಕೂಟದ ಪರವೇ ಇದ್ದವರು, ಗೆದ್ದ ಪ್ರಮಾಣಪತ್ರ ಕೈಯಲ್ಲಿತ್ತು. ಕ್ಲರ್ಕ್ ಅವರಿಗೂ ಮಾತಾಡಲು ಬಿಡಲಿಲ್ಲ. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲ ಅಂದಮೇಲೆ ಆ ಕ್ಷಣಕ್ಕೆ ನೀವು ಸದಸ್ಯರೇ ಅಲ್ಲ.

ಇದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಜನ ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುಲಾಮಗಿರಿ ಇದ್ದಾಗ ಸೀಟುಗಳ ಹಂಚಿಕೆಗೆ ಜನಸಂಖ್ಯೆ ಎಣಿಸುವಾಗ ಐದು ಜನ ಗುಲಾಮರನ್ನು ಮೂರು ಅಂತ ಲೆಕ್ಕ ಹಾಕುತ್ತಿದ್ದರು. ಗುಲಾಮಗಿರಿ ಹೋದಮೇಲೆ ಐದು ಜನ ಅಂದರೆ ಐದೇ. ಅಂದರೆ ಯುದ್ಧ ಸೋತ ರಾಜ್ಯಗಳಿಗೆ ಮುಂದೆ ಸೀಟು ಇನ್ನೂ ಜಾಸ್ತಿ! ಎಣಿಕೆಗೆ ಕಪ್ಪು ಜನ ಬೇಕು, ಮತ ಹಾಕಲು ಬೇಡ. ಉತ್ತರದ ರಿಪಬ್ಲಿಕನ್ನರು ಇದಕ್ಕೆ ಒಪ್ಪಲು ಸಾಧ್ಯವೇ ಇರಲಿಲ್ಲ. (ಆಗಿನ ರಿಪಬ್ಲಿಕನ್ ಅಂದರೆ ಲಿಂಕನ್ ಪಕ್ಷ. ದಕ್ಷಿಣದ ಹಳೆ ಧಣಿಗಳ ಪಕ್ಷ ಡೆಮಾಕ್ರಟಿಕ್. ಈಗಿನ ರಾಜಕೀಯದ ಕನ್ನಡಕ ಹಾಕಿಕೊಂಡು ನೋಡಿದರೆ ಎಲ್ಲ ತಲೆಕೆಳಗಾಗಿ ಕಾಣುತ್ತದೆ.)

ಆ ದಿನ ಬಾಗಿಲು ಮುಚ್ಚಿದ್ದರಿಂದಲೇ ಮುಂದಿನದೆಲ್ಲ ಆಯಿತು. 1867ರ ಮಾರ್ಚ್‌ನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರ ವೀಟೋ ಮೀರಿ ಕಾಂಗ್ರೆಸ್ ಹೊಸ ಕಾನೂನು ತಂದಿತು. ದಕ್ಷಿಣವನ್ನು ಐದು ಮಿಲಿಟರಿ ಜಿಲ್ಲೆಗಳಾಗಿ ಮಾಡಿ, ಕಪ್ಪು ಗಂಡಸರ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಿ, ಹೊಸ ರಾಜ್ಯ ಸಂವಿಧಾನ ಬರೆದುಕೊಂಡು ಬನ್ನಿ, ಆಮೇಲೆ ಒಳಗೆ ಬಿಡುತ್ತೇವೆ ಅಂದಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿ ರಾಜ್ಯಗಳಲ್ಲಿ ಯುದ್ಧಕ್ಕೆ ಮೊದಲೇ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದವರು. ಅವರ ಕೈಗೆ ಮತ ಬಂದ ದಿನವೇ ರಾಜಕೀಯ ಮಗುಚಿ ಬಿತ್ತು. 1868ರ ಜನವರಿಯಲ್ಲಿ ಚಾರ್ಲ್ಸ್‌ಟನ್‌ನಲ್ಲಿ ದಕ್ಷಿಣ ಕೆರೊಲಿನಾದ ಸಂವಿಧಾನ ಬರೆಯಲು ಕೂತ 124 ಜನರಲ್ಲಿ 76 ಜನ ಕಪ್ಪು ಪ್ರತಿನಿಧಿಗಳು. ಐದು ವರ್ಷದ ಹಿಂದೆ ಅದೇ ಊರಿನಲ್ಲಿ ಅವರಂಥವರನ್ನು ಹರಾಜು ಕೂಗುತ್ತಿದ್ದರು.

ಆದರೆ ಮತ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಮೊದಲು ಗೆದ್ದವರ ಹೆಸರು ಜಾನ್ ವಿಲಿಸ್ ಮೆನಾರ್ಡ್. 1868ರಲ್ಲಿ ಲೂಸಿಯಾನದ ಒಂದು ಕ್ಷೇತ್ರದ ಸದಸ್ಯ ತೀರಿಕೊಂಡು ಉಪಚುನಾವಣೆ ಆಯಿತು, ಮೆನಾರ್ಡ್ ಗೆದ್ದರು. ಎದುರಾಳಿ ತಕರಾರು ಹಾಕಿದರು. 1869ರ ಫೆಬ್ರವರಿ 27ರಂದು ಮೆನಾರ್ಡ್ ಕೆಳಮನೆಯಲ್ಲಿ ನಿಂತು ತಮ್ಮ ವಾದವನ್ನು ತಾವೇ ಮಂಡಿಸಿದರು. ಆ ಸದನದಲ್ಲಿ ಒಬ್ಬ ಕಪ್ಪು ವ್ಯಕ್ತಿ ಮಾತಾಡಿದ್ದು ಅದೇ ಮೊದಲು. ಕೇಳಿಸಿಕೊಂಡ ಸದನ ಕೊನೆಗೆ ಇಬ್ಬರಿಗೂ ಸೀಟು ಕೊಡಲಿಲ್ಲ, ಖಾಲಿ ಬಿಟ್ಟಿತು. ಗಮನಿಸಿ, ಆಗ ಅಲ್ಲಿ ಬಹುಮತ ಇದ್ದಿದ್ದು ಅವರದೇ ಪಕ್ಷಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲ ಕಪ್ಪು ಸದಸ್ಯ ಅಂತ ಪುಸ್ತಕಗಳಲ್ಲಿ ಬರಬೇಕಾಗಿದ್ದ ಹೆಸರು ಅವರದು.

ಒಂದು ವರ್ಷದ ಮೇಲೆ ಸೆನೆಟ್‌ನ ಸರದಿ. ಮಿಸಿಸಿಪ್ಪಿಯ ಶಾಸಕರು 1870ರ ಜನವರಿಯಲ್ಲಿ ಹಿರಮ್ ರೆವೆಲ್ಸ್ ಅವರನ್ನು ಆರಿಸಿದರು. ಉತ್ತರ ಕೆರೊಲಿನಾದ ಫೇಯೆಟ್‌ವಿಲ್‌ನಲ್ಲಿ 1827ರಲ್ಲಿ ಸ್ವತಂತ್ರರಾಗಿಯೇ ಹುಟ್ಟಿದವರು. ಪಾದ್ರಿ, ಮೆಲುದನಿಯ ಮನುಷ್ಯ. ಅವರು ಬಂದು ಸೆನೆಟ್ ಬಾಗಿಲಲ್ಲಿ ನಿಂತಾಗ ಆ 9 ವರ್ಷದ ನಿಯಮ ಎದ್ದು ಬಂತು.

ವಿರೋಧಿಗಳ ವಾದ ಹೀಗಿತ್ತು. 1857ರಲ್ಲಿ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಕಪ್ಪು ಜನ ಈ ದೇಶದ ಪೌರರೇ ಅಲ್ಲ ಅಂತ ತೀರ್ಪು ಕೊಟ್ಟಿದೆ. ಅವರಿಗೆ ಪೌರತ್ವ ಬಂದಿದ್ದು 1866ರ ನಾಗರಿಕ ಹಕ್ಕುಗಳ ಕಾನೂನಿನಿಂದ, ಬಿಟ್ಟರೆ 1868ರ 14ನೇ ತಿದ್ದುಪಡಿಯಿಂದ. ಹಾಗಾದರೆ ಈ ರೆವೆಲ್ಸ್ ಪೌರರಾಗಿ ಎಷ್ಟು ವರ್ಷ ಆಯಿತು? ಎರಡೋ, ನಾಲ್ಕೋ. ಒಂಬತ್ತು ಎಲ್ಲಿದೆ?

ನೀವು ಇದನ್ನು ಇನ್ನೊಂದು ಸಲ ಓದಿ. ಅದೇ ನೆಲದಲ್ಲಿ ಹುಟ್ಟಿ 42 ವರ್ಷ ಬದುಕಿದ ಮನುಷ್ಯನಿಗೆ ನೀನು ಈ ದೇಶದವನಾಗಿ ಇನ್ನೂ ಒಂಬತ್ತು ವರ್ಷ ಆಗಿಲ್ಲ ಅನ್ನುತ್ತಿದ್ದಾರೆ, ಅದನ್ನೂ ಕಾನೂನಿನ ಭಾಷೆಯಲ್ಲಿ, ಒಂದೂ ಕೆಟ್ಟ ಪದ ಬೇಕಿಲ್ಲದೆ ಅನ್ನಬಹುದಿತ್ತು. ಈ ಭಾಗ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರೆವೆಲ್ಸ್ ಪರ ಇದ್ದವರು ಬಿಡಲಿಲ್ಲ. ಆ ತೀರ್ಪು ಯುದ್ಧದಲ್ಲೇ ಸತ್ತುಹೋಯಿತು, ಅವರು ಹುಟ್ಟಿದ ದಿನದಿಂದಲೇ ಪೌರರು ಅಂತ ವಾದಿಸಿದರು. ಚರ್ಚೆ ಮೂರು ದಿನ ನಡೆಯಿತು. ಮೇಲಿನ ಗ್ಯಾಲರಿ ಜನರಿಂದ ತುಂಬಿಹೋಗಿತ್ತು. ಫೆಬ್ರವರಿ 25ರಂದು ಮತಕ್ಕೆ ಹಾಕಿದರು. 48 ಪರ, 8 ವಿರುದ್ಧ. ಮ್ಯಾಸಚೂಸೆಟ್ಸ್‌ನ ಹೆನ್ರಿ ವಿಲ್ಸನ್ ಜೊತೆಯಲ್ಲಿ ನಡೆದು ಅವರನ್ನು ಪ್ರಮಾಣ ವಚನಕ್ಕೆ ಕರೆದುಕೊಂಡು ಹೋದರು. ಅವರಿಗೆ ಸಿಕ್ಕಿದ್ದು ಒಂದು ವರ್ಷದ ಉಳಿಕೆ ಅವಧಿ ಮಾತ್ರ, 1871ರ ಮಾರ್ಚ್‌ಗೆ ಮುಗಿಯಿತು. ಆಮೇಲೆ ಊರಿಗೆ ಹೋಗಿ ಆಲ್‌ಕಾರ್ನ್‌ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

ಇಲ್ಲಿ ಒಂದು ಸಣ್ಣ ತಿದ್ದುಪಡಿ. ಬಂಡಾಯ ರಾಜ್ಯಗಳ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಮೊದಲು ಮಿಸಿಸಿಪ್ಪಿಯ ಸೆನೆಟರ್ ಆಗಿದ್ದ. ಅವನ ಕುರ್ಚಿಯಲ್ಲೇ ರೆವೆಲ್ಸ್ ಕೂತರು ಅಂತ ತುಂಬ ಕಡೆ ಬರೆದಿರುತ್ತಾರೆ. ಕೇಳಲು ಚೆಂದ, ಆದರೆ ಸರಿಯಲ್ಲ. ರೆವೆಲ್ಸ್‌ಗೆ ಬಂದಿದ್ದು ಇನ್ನೊಬ್ಬ ಸೆನೆಟರ್ ಆಲ್ಬರ್ಟ್ ಬ್ರೌನ್ ಬಿಟ್ಟುಹೋದ ಸೀಟು. ಡೇವಿಸ್‌ನ ಸೀಟಿನ ಸಾಲು ಹಿಡಿದು ಬಂದರೆ ಸಿಗುವವರು 1875ರಲ್ಲಿ ಬಂದ ಬ್ಲಾಂಚ್ ಬ್ರೂಸ್. ಅವರು ವರ್ಜೀನಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು, ಅವರ ವಿಷಯದಲ್ಲಿ ಆ ಮಾತಿಗೆ ಇನ್ನೂ ತೂಕ ಜಾಸ್ತಿ. ಬ್ರೂಸ್ ಪ್ರಮಾಣ ವಚನದ ದಿನ ನಡೆದದ್ದು ಕೇಳಿ. ಪದ್ಧತಿ ಪ್ರಕಾರ ಅದೇ ರಾಜ್ಯದ ಹಿರಿಯ ಸೆನೆಟರ್ ಹೊಸಬರನ್ನು ಕರೆದುಕೊಂಡು ಹೋಗಬೇಕು. ಮಿಸಿಸಿಪ್ಪಿಯ ಜೇಮ್ಸ್ ಆಲ್‌ಕಾರ್ನ್‌ ಕೂತಲ್ಲಿಂದ ಏಳಲಿಲ್ಲ. ಬ್ರೂಸ್ ಒಬ್ಬರೇ ನಡುದಾರಿಯಲ್ಲಿ ಹೆಜ್ಜೆ ಹಾಕಿದರು. ಆಗ ನ್ಯೂಯಾರ್ಕಿನ ರಾಸ್ಕೋ ಕಾಂಕ್ಲಿಂಗ್ ಎದ್ದು ಬಂದು ಜೊತೆಗೂಡಿದರು. ಮುಂದೆ ಬ್ರೂಸ್ ಅವರಿಗೆ ಗಂಡು ಮಗು ಹುಟ್ಟಿದಾಗ ಇಟ್ಟ ಹೆಸರು ರಾಸ್ಕೋ ಕಾಂಕ್ಲಿಂಗ್ ಬ್ರೂಸ್. ಆರು ವರ್ಷದ ಪೂರ್ತಿ ಅವಧಿ ಮುಗಿಸಿದರು, 1879ರಲ್ಲಿ ಒಂದು ದಿನ ಸೆನೆಟ್‌ನ ಅಧ್ಯಕ್ಷ ಪೀಠದಲ್ಲೂ ಕೂತರು.

ಕೆಳಮನೆಯ ಮೊದಲ ಕಪ್ಪು ಸದಸ್ಯ ಜೋಸೆಫ್ ರೈನಿ. ದಕ್ಷಿಣ ಕೆರೊಲಿನಾದ ಜಾರ್ಜ್‌ಟೌನ್‌ನಲ್ಲಿ ಗುಲಾಮರಾಗಿ ಹುಟ್ಟಿದರು. ಅಪ್ಪ ಕ್ಷೌರದ ಕೆಲಸ ಮಾಡಿ ಕಾಸು ಕೂಡಿಟ್ಟು ಮನೆಯವರನ್ನೆಲ್ಲ ಬಿಡಿಸಿಕೊಂಡರು. ಮಗನದೂ ಅದೇ ಕಸುಬು. ಯುದ್ಧದಲ್ಲಿ ಬಂಡಾಯದ ಸೇನೆ ಇವರನ್ನು ಹಿಡಿದು ಕೋಟೆ ಕಟ್ಟುವ ಕೆಲಸಕ್ಕೆ ಹಾಕಿತು. 1862ರಲ್ಲಿ ಹೆಂಡತಿಯ ಜೊತೆ ಹಡಗು ಹತ್ತಿ ಬರ್ಮುಡಾಗೆ ತಪ್ಪಿಸಿಕೊಂಡು, ಅಲ್ಲಿ ಗಂಡ ಕ್ಷೌರ, ಹೆಂಡತಿ ಬಟ್ಟೆ ಹೊಲಿಗೆ ಮಾಡಿ ಬದುಕಿ, ಯುದ್ಧ ಮುಗಿದ ಮೇಲೆ ವಾಪಸ್ ಬಂದರು. ಅವರಿಗೆ ಸೀಟು ಖಾಲಿಯಾಗಿದ್ದರ ಹಿಂದೆಯೂ ಇದೇ ಬಾಗಿಲಿನ ಕಥೆ ಇದೆ. ಮೊದಲು ಅಲ್ಲಿದ್ದವರು ಬೆಂಜಮಿನ್ ವಿಟ್ಟಮೋರ್ ಅನ್ನುವ ಬಿಳಿ ರಿಪಬ್ಲಿಕನ್. ಮಿಲಿಟರಿ ಅಕಾಡೆಮಿಗಳಿಗೆ ಹುಡುಗರ ಹೆಸರು ಕಳಿಸಲು ದುಡ್ಡು ತೆಗೆದುಕೊಂಡರು ಅಂತ ಆರೋಪ ಬಂತು. ಉಚ್ಚಾಟನೆಗೆ ಮುಂಚೆ ರಾಜೀನಾಮೆ ಕೊಟ್ಟು, ಊರಿಗೆ ಹೋಗಿ, ಅದೇ ಸೀಟಿಗೆ ನಿಂತು ಮತ್ತೆ ಗೆದ್ದು ಬಂದರು! ಸದನ ಒಳಗೆ ಬಿಡಲಿಲ್ಲ. ಮತ್ತೆ ಚುನಾವಣೆಯಾಗಿ ರೈನಿ ಬಂದರು, 1870ರ ಡಿಸೆಂಬರ್ 12ರಂದು ಪ್ರಮಾಣ ಸ್ವೀಕರಿಸಿದರು. 1879ರ ಮಾರ್ಚ್‌ವರೆಗೆ ಇದ್ದರು. 1874ರಲ್ಲಿ ಒಂದು ದಿನ ಸ್ಪೀಕರ್ ಕುರ್ಚಿಯಲ್ಲಿ ಕೂತು ಸದನ ನಡೆಸಿದರು. ಗುಲಾಮರಾಗಿ ಹುಟ್ಟಿದ ಕ್ಷೌರಿಕ ಅಮೆರಿಕದ ಕೆಳಮನೆಯ ಸುತ್ತಿಗೆ ಹಿಡಿದ ದಿನ ಅದು.

1870ರಿಂದ 1901ರವರೆಗೆ ಒಟ್ಟು 22 ಜನ ಕಪ್ಪು ಸದಸ್ಯರು ಕಾಂಗ್ರೆಸ್‌ನಲ್ಲಿ ಕೂತರು. ಇಬ್ಬರು ಸೆನೆಟ್‌ನಲ್ಲಿ, 20 ಜನ ಕೆಳಮನೆಯಲ್ಲಿ. ಎಲ್ಲರೂ ದಕ್ಷಿಣದವರು, ಎಲ್ಲರೂ ರಿಪಬ್ಲಿಕನ್ನರು, ಸುಮಾರು ಅರ್ಧದಷ್ಟು ಜನ ಗುಲಾಮರಾಗಿ ಹುಟ್ಟಿದವರು. ಎಲ್ಲರ ಕಥೆ ಹೇಳುತ್ತಾ ಕೂತರೆ ಮುಗಿಯುವುದಿಲ್ಲ. ಆದರೆ ಇಬ್ಬರನ್ನು ಬಿಡಲಾರೆ.

ಒಬ್ಬರು ರಾಬರ್ಟ್ ಸ್ಮಾಲ್ಸ್. 1862ರ ಮೇ 13ರ ಬೆಳಗಿನ ಜಾವ, ಚಾರ್ಲ್ಸ್‌ಟನ್ ಬಂದರು. 'ಪ್ಲಾಂಟರ್' ಅನ್ನುವ ಬಂಡಾಯ ಸೇನೆಯ ಸ್ಟೀಮರಿನಲ್ಲಿ ಸ್ಮಾಲ್ಸ್ ಗುಲಾಮ ಕೆಲಸಗಾರ, ವಯಸ್ಸು 23. ಬಿಳಿ ಅಧಿಕಾರಿಗಳು ರಾತ್ರಿ ಊರೊಳಗೆ ಮಲಗಲು ಹೋಗಿದ್ದರು. ಸ್ಮಾಲ್ಸ್ ಮತ್ತು ಜೊತೆಗಾರರು ಹಡಗು ಬಿಚ್ಚಿಕೊಂಡು, ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸ್ಮಾಲ್ಸ್ ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿಕೊಂಡು, ಅವನು ನಿಲ್ಲುವ ಹಾಗೇ ನಿಂತುಕೊಂಡು, ಬಂಡಾಯದವರ ಕೈಯಲ್ಲಿದ್ದ ಫೋರ್ಟ್ ಸಮ್ಟರ್ ಕೋಟೆಯ ಮುಂದೆ ಬಂದಾಗ ಸರಿಯಾದ ಸೀಟಿ ಸಂಕೇತ ಕೊಟ್ಟು, ಫಿರಂಗಿಗಳ ಕೆಳಗಿನಿಂದಲೇ ದಾಟಿ ಹೋಗಿ ಹಡಗನ್ನು ಒಕ್ಕೂಟದ ನೌಕಾಪಡೆಗೆ ಒಪ್ಪಿಸಿಬಿಟ್ಟರು. ಮುಂದೆ ಬ್ಯೂಫರ್ಟ್ ಊರಿನಲ್ಲಿ ತಮ್ಮ ಹಳೆ ಧಣಿಯ ಮನೆಯನ್ನೇ ತೆರಿಗೆ ಹರಾಜಿನಲ್ಲಿ ಕೊಂಡರು. 1875ರಲ್ಲಿ ಕೆಳಮನೆಗೆ ಬಂದರು. ಮಧ್ಯೆ ಸೋತು, ತಕರಾರು ಹಾಕಿ, ಮತ್ತೆ ಒಳಗೆ ಬಂದು, ಹೀಗೆ 1887ರವರೆಗೆ ಬಿಟ್ಟು ಬಿಟ್ಟು ಇದ್ದರು.

ಇನ್ನೊಬ್ಬರು ಮಿಸಿಸಿಪ್ಪಿಯ ಜಾನ್ ಲಿಂಚ್. ಗುಲಾಮರಾಗಿ ಹುಟ್ಟಿ, ಯುದ್ಧ ಮುಗಿದ ಮೇಲೆ ನ್ಯಾಚೆಜ್ ಊರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಓಣಿಯ ಆಚೆ ಬಿಳಿ ಮಕ್ಕಳ ಶಾಲೆ. ಕೆಲಸದ ನಡುವೆ ಕಿಟಕಿಗೆ ಕಿವಿ ಕೊಟ್ಟು ಆ ಪಾಠ ಕೇಳಿ ಕಲಿತರು. 25ನೇ ವಯಸ್ಸಿಗೆ, ಅಂದರೆ ಸಂವಿಧಾನ ಬಿಡುವ ಕನಿಷ್ಠ ವಯಸ್ಸಿಗೇ, ಕಾಂಗ್ರೆಸ್‌ಗೆ ಗೆದ್ದರು. 1875ರ ಫೆಬ್ರವರಿಯಲ್ಲಿ, ರೈಲು, ಹೋಟೆಲುಗಳಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ಹೊಸ ನಾಗರಿಕ ಹಕ್ಕುಗಳ ಮಸೂದೆಯ ಚರ್ಚೆಯಲ್ಲಿ ಅವರು ಹೇಳಿದ್ದು ತಮ್ಮದೇ ರೈಲು ಪ್ರಯಾಣದ ವಿಷಯ. ಕಾಂಗ್ರೆಸ್ ಸದಸ್ಯನಾಗಿ ವಾಷಿಂಗ್ಟನ್‌ಗೆ ಬರುವಾಗಲೂ ಹಗಲು ರಾತ್ರಿ ಹೊಗೆ ತುಂಬಿದ ಕೊಳಕು ಬೋಗಿಯಲ್ಲಿ, ಕುಡುಕರು, ಜೂಜುಕೋರರ ಜೊತೆ ಕೂರಬೇಕು ಅಂತ ಸದನದ ಎದುರು ಹೇಳಿದರು. ಮಸೂದೆ ಪಾಸಾಯಿತು. 1883ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು.

ಆ ಮಸೂದೆಯ ಚರ್ಚೆಯ ಇನ್ನೊಂದು ದೃಶ್ಯವನ್ನೂ ನೋಡಬೇಕು. ಬಂಡಾಯದಲ್ಲಿ ಭಾಗವಹಿಸಿದ ಹಳೆ ಅಧಿಕಾರಿಗಳಿಗೆ 14ನೇ ತಿದ್ದುಪಡಿ ಬಾಗಿಲು ಮುಚ್ಚಿತ್ತು. 1872ರಲ್ಲಿ ಕ್ಷಮಾದಾನದ ಕಾನೂನು ಬಂದು ಬಹುತೇಕ ಎಲ್ಲರಿಗೂ ಅದು ತೆರೆಯಿತು. ಹಾಗಾಗಿ 1873ರ ಹೊತ್ತಿಗೆ ಬಂಡಾಯ ಸರ್ಕಾರದ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸ್ ಕೆಳಮನೆಯಲ್ಲಿ ಹಾಜರ್. 1874ರ ಜನವರಿ 6ರಂದು ಅವನ ವಾದಕ್ಕೆ ಉತ್ತರ ಕೊಡಲು ಎದ್ದವರು ದಕ್ಷಿಣ ಕೆರೊಲಿನಾದ ಕಪ್ಪು ಸದಸ್ಯ ರಾಬರ್ಟ್ ಬ್ರೌನ್ ಎಲಿಯಟ್. ಗುಲಾಮಗಿರಿಯೇ ನಮ್ಮ ಸರ್ಕಾರದ ಬುನಾದಿ ಅಂದಿದ್ದ ಮನುಷ್ಯ ಕೆಳಗೆ ಕೂತು ಕೇಳಬೇಕಾಯಿತು. ಇಬ್ಬರೂ ಆ ಸದನದಲ್ಲಿ ಸಮಾನ ಸದಸ್ಯರು.

ಸೆನೆಟ್‌ಗೆ ಬಂದು ವರ್ಷಗಟ್ಟಲೆ ಹೊಸ್ತಿಲಲ್ಲೇ ನಿಂತವರು ಲೂಸಿಯಾನದ ಪಿಂಚ್‌ಬ್ಯಾಕ್. ಅವರು ಆ ರಾಜ್ಯದ ಹಂಗಾಮಿ ಗವರ್ನರ್ ಕೂಡ ಆಗಿದ್ದವರು. 1873ರಲ್ಲಿ ಸೆನೆಟ್‌ಗೆ ಆರಿಸಿ ಬಂದರು. ಆಗ ಲೂಸಿಯಾನದಲ್ಲಿ ನಾವೇ ನಿಜವಾದ ಶಾಸನಸಭೆ ಅಂತ ಎರಡು ಗುಂಪು ಜಗಳಕ್ಕೆ ಬಿದ್ದಿದ್ದವು, ಅದೇ ನೆಪವಾಯಿತು. ಮೂರು ವರ್ಷ ಎಳೆದಾಡಿ, 1876ರ ಮಾರ್ಚ್‌ನಲ್ಲಿ 32ಕ್ಕೆ 29 ಮತದಿಂದ ಬೇಡ ಅಂದರು. ಆ ವರ್ಷಗಳ ಸಂಬಳ ಕೊಟ್ಟು ಕಳಿಸಿದರು. ಸಂಬಳಕ್ಕೆ ಅರ್ಹ, ಕುರ್ಚಿಗೆ ಅಲ್ಲ ಅನ್ನೋ ಈ ತೀರ್ಮಾನವನ್ನು ನಾನು ಎಷ್ಟು ಸಲ ಓದಿದರೂ ಒಪ್ಪಿಕೊಳ್ಳಲು ಆಗಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎಲ್ಲಿಗೆ ಹೋದರು?

1876ರ ಅಧ್ಯಕ್ಷ ಚುನಾವಣೆ ಗೊಂದಲದಲ್ಲಿ ಮುಗಿದು, 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾ, ಲೂಸಿಯಾನಗಳ ರಾಜಧಾನಿಗಳಲ್ಲಿ ಕೊನೆಯ ರಿಪಬ್ಲಿಕನ್ ಸರ್ಕಾರಗಳನ್ನು ಕಾಯುತ್ತಿದ್ದ ಕೇಂದ್ರದ ಸೈನಿಕರನ್ನು ಬ್ಯಾರಕ್‌ಗೆ ಕರೆಸಿಕೊಂಡರು. ಅದಕ್ಕೆ ಮುಂಚೆಯೇ ಹಿಂಸೆ ಶುರುವಾಗಿತ್ತು. ಮತ ಹಾಕಲು ಹೋದವರನ್ನು ಹೊಡೆದರು, ಕೊಂದರು, ಮನೆ ಸುಟ್ಟರು. ಆದರೆ ಹಿಂಸೆಯಷ್ಟೇ ಕೆಲಸ ಮಾಡಿದ್ದು ಸಣ್ಣ ಸಣ್ಣ ತಾಂತ್ರಿಕ ಉಪಾಯಗಳು. ಮಿಸಿಸಿಪ್ಪಿಯಲ್ಲಿ ಕಪ್ಪು ಜನ ಜಾಸ್ತಿ ಇರುವ ಊರುಗಳನ್ನೆಲ್ಲ ನದಿಯ ದಂಡೆಗುಂಟ ಪೋಣಿಸಿ, ಉತ್ತರದಿಂದ ದಕ್ಷಿಣದವರೆಗೆ ಒಂದೇ ಉದ್ದನೆ ಕ್ಷೇತ್ರ ಮಾಡಿದರು. ಶೂ ಲೇಸಿನ ಹಾಗಿದೆ ಅಂತ ಅದಕ್ಕೆ ಆ ಹೆಸರೇ ಬಂತು. ಉಳಿದ ಕ್ಷೇತ್ರಗಳೆಲ್ಲ ಡೆಮಾಕ್ರಟರಿಗೆ. ದಕ್ಷಿಣ ಕೆರೊಲಿನಾದಲ್ಲಿ 1882ರಲ್ಲಿ ಎಂಟು ಪೆಟ್ಟಿಗೆ ಕಾನೂನು ತಂದರು. ಒಂದೊಂದು ಹುದ್ದೆಗೆ ಒಂದೊಂದು ಪೆಟ್ಟಿಗೆ, ಚೀಟಿ ಬೇರೆ ಪೆಟ್ಟಿಗೆಗೆ ಬಿದ್ದರೆ ಆ ಮತ ಲೆಕ್ಕಕ್ಕಿಲ್ಲ. ಓದಲು ಬಾರದ ಮನುಷ್ಯ, ಓದು ಕಲಿಯುವುದೇ ಅಪರಾಧವಾಗಿದ್ದ ಕಾಲದಲ್ಲಿ ಬೆಳೆದ ಮನುಷ್ಯ, ಪೆಟ್ಟಿಗೆಯ ಮೇಲಿನ ಹೆಸರು ಹೇಗೆ ಓದಬೇಕು?

ಲಿಂಚ್ ಅವರಿಗೆ 1880ರಲ್ಲಿ ಮಾಡಿದ್ದು ಇನ್ನೂ ವಿಚಿತ್ರ. ಆಗ ಸರ್ಕಾರ ಮತಪತ್ರ ಅಚ್ಚು ಹಾಕುತ್ತಿರಲಿಲ್ಲ. ಪಕ್ಷಗಳೇ ತಮ್ಮ ತಮ್ಮ ಚೀಟಿ ಅಚ್ಚು ಮಾಡಿಸಿ ಮತದಾರರ ಕೈಗೆ ಕೊಡುತ್ತಿದ್ದವು. ಚೀಟಿಯ ಮೇಲೆ ಗುರುತು ಸಿಗುವಂಥ ಚಿಹ್ನೆ ಇರಬಾರದು ಅಂತ ರಾಜ್ಯದ ಕಾನೂನಿತ್ತು. ಲಿಂಚ್ ಪಕ್ಷದ ಚೀಟಿಯಲ್ಲಿ ಹೆಸರುಗಳ ನಡುವೆ ಅಚ್ಚಿನವನು ಸಣ್ಣ ಅಡ್ಡಗೆರೆ ಹಾಕಿದ್ದ, ಎಲ್ಲ ಮುದ್ರಣಾಲಯದವರೂ ಹಾಕುವಂಥದ್ದೇ. ಅದನ್ನೇ ಗುರುತು ಅಂದು ಸಾವಿರಾರು ಚೀಟಿ ತೆಗೆದು ಪಕ್ಕಕ್ಕಿಟ್ಟರು. ಎದುರಾಳಿ ಗೆದ್ದರು ಅಂತ ಸಾರಿದರು. ಲಿಂಚ್ ಸುಮ್ಮನಿರಲಿಲ್ಲ. ತಕರಾರು ಹಾಕಿದರು, ಸಾಕ್ಷಿ ಕೂಡಿಸಿದರು. ಆಗ ಕೆಳಮನೆ ರಿಪಬ್ಲಿಕನ್ನರ ಕೈಯಲ್ಲಿತ್ತು, 1882ರ ಏಪ್ರಿಲ್ 29ರಂದು ಅವರನ್ನು ಕೂರಿಸಿತು. ನೋಡಿ, ಮೆನಾರ್ಡ್ ಅವರನ್ನು ಹೊರಗಿಟ್ಟ ಅದೇ ಐದನೇ ಸೆಕ್ಷನ್ ಇಲ್ಲಿ ಲಿಂಚ್ ಅವರ ಕೈ ಹಿಡಿಯಿತು. ಊರಿನಲ್ಲಿ ನ್ಯಾಯ ಸಿಗದ ಕಪ್ಪು ಅಭ್ಯರ್ಥಿಗಳಿಗೆ ಆಮೇಲೆ ಉಳಿದಿದ್ದು ಅದೊಂದೇ ದಾರಿ.

ಆದರೆ ಆ ದಾರಿ ಬಹಳ ನಿಧಾನ. ಆಗಿನ ಕ್ಯಾಲೆಂಡರ್ ನೋಡಿ. ನವೆಂಬರ್‌ನಲ್ಲಿ ಚುನಾವಣೆ, ಮುಂದಿನ ಮಾರ್ಚ್ 4ಕ್ಕೆ ಅವಧಿ ಶುರು, ಆದರೆ ಸದನ ಮಾಮೂಲಾಗಿ ಸೇರುವುದು ಡಿಸೆಂಬರ್‌ನಲ್ಲಿ. ಗೆದ್ದು ಹದಿಮೂರು ತಿಂಗಳಾದ ಮೇಲೆ! ಆಮೇಲೆ ಸಮಿತಿ, ವರದಿ, ಚರ್ಚೆ. ವರ್ಜೀನಿಯಾದ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ 1888ರಲ್ಲಿ ನಿಂತಿದ್ದ ಚುನಾವಣೆಗೆ ಸೀಟು ಸಿಕ್ಕಿದ್ದು 1890ರ ಸೆಪ್ಟೆಂಬರ್ 23ಕ್ಕೆ. ಅವತ್ತು ಡೆಮಾಕ್ರಟಿಕ್ ಸದಸ್ಯರು ಕೋರಂ ಆಗದಿರಲಿ ಅಂತ ಎದ್ದು ಹೊರಗೆ ನಡೆದರು. ಲ್ಯಾಂಗ್‌ಸ್ಟನ್‌ಗೆ ಉಳಿದಿದ್ದು ಐದು ತಿಂಗಳು ಚಿಲ್ಲರೆ.

ಕೊನೆಗೆ ಮತದಾರರ ಪಟ್ಟಿಗೇ ಕೈ ಹಾಕಿದರು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆಯಿತು. ಮತ ಹಾಕಬೇಕಾದರೆ ಎರಡು ಡಾಲರ್ ತಲೆಗಂದಾಯ, ಸಂವಿಧಾನದ ಯಾವುದಾದರೂ ಸಾಲು ಓದಿ ಅಥವಾ ಅರ್ಥ ಹೇಳಿ ಅಧಿಕಾರಿಯನ್ನು ಒಪ್ಪಿಸಬೇಕು. ಎಲ್ಲೂ 'ಕಪ್ಪು' ಅನ್ನೋ ಪದವಿಲ್ಲ. ಬೇರೆ ರಾಜ್ಯಗಳು ನೋಡಿ ಕಲಿತವು. ಲೂಸಿಯಾನದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರ ಹೆಸರು ಪಟ್ಟಿಯಲ್ಲಿತ್ತು. 1898ರ ಹೊಸ ಸಂವಿಧಾನದ ನಂತರ, 1900ರಲ್ಲಿ ಉಳಿದಿದ್ದು 5,320. ಮತದಾರರೇ ಇಲ್ಲದ ಮೇಲೆ ಸದಸ್ಯರು ಎಲ್ಲಿಂದ ಬರಬೇಕು?

ಹೀಗೆ ಒಬ್ಬೊಬ್ಬರೇ ಹೋಗಿ ಕೊನೆಗೆ ಉಳಿದವರು ಉತ್ತರ ಕೆರೊಲಿನಾದ ಜಾರ್ಜ್ ಹೆನ್ರಿ ವೈಟ್. ಇಡೀ ಕಾಂಗ್ರೆಸ್‌ನಲ್ಲಿ ಅವರೊಬ್ಬರೇ ಕಪ್ಪು ಸದಸ್ಯ. ಗುಂಪು ಕಟ್ಟಿ ಕೊಲ್ಲುವುದನ್ನು ಕೇಂದ್ರದ ಅಪರಾಧ ಮಾಡಬೇಕು ಅಂತ 1900ರ ಜನವರಿಯಲ್ಲಿ ಮಸೂದೆ ತಂದರು. ಅದು ಮುಂದೆ ಹೋಗಲಿಲ್ಲ. (ಅಂಥ ಕಾನೂನು ಕೊನೆಗೂ ಬಂದಿದ್ದು 2022ರಲ್ಲಿ.) ಅದೇ ವರ್ಷ ಅವರ ರಾಜ್ಯವೂ ಮತದಾನದ ನಿಯಮ ಬದಲಾಯಿಸಿತು. ವೈಟ್ ಮತ್ತೆ ನಿಲ್ಲಲಿಲ್ಲ. 1901ರ ಜನವರಿ 29ರಂದು ಕೊನೆಯ ಭಾಷಣ ಮಾಡಿದರು. ಇದು ಬಹುಶಃ ಅಮೆರಿಕದ ಕಾಂಗ್ರೆಸ್‌ಗೆ ನಮ್ಮ ಜನರ ತಾತ್ಕಾಲಿಕ ವಿದಾಯ, ಆದರೆ ಬೂದಿಯಿಂದ ಏಳುವ ಫೀನಿಕ್ಸ್ ಹಕ್ಕಿಯ ಹಾಗೆ ಒಂದು ದಿನ ಎದ್ದು ಮತ್ತೆ ಬರುತ್ತೇವೆ ಅಂದರು. 'ತಾತ್ಕಾಲಿಕ' ಅನ್ನೋ ಪದವನ್ನು ಅವರು ಬೇಕೆಂದೇ ಇಟ್ಟಿದ್ದಾರೆ ಅಂತ ನನ್ನ ನಂಬಿಕೆ. ದಕ್ಷಿಣದಿಂದ ಮತ್ತೆ ಕಪ್ಪು ಸದಸ್ಯರು ಬಂದು ಕೂತಿದ್ದು 1973ರಲ್ಲಿ, ಟೆಕ್ಸಸ್‌ನ ಬಾರ್ಬರಾ ಜೋರ್ಡನ್ ಮತ್ತು ಜಾರ್ಜಿಯಾದ ಆಂಡ್ರ್ಯೂ ಯಂಗ್.

ಐದನೇ ಸೆಕ್ಷನ್ ಇನ್ನೂ ಇದೆಯಾ ಅಂತ ನೀವು ಮುಂದೆ ಕೇಳಬಹುದು. ಇದೆ, ಆದರೆ ಹಿಡಿತ ಸಡಿಲವಾಗಿದೆ. ವಯಸ್ಸು, ಪೌರತ್ವ, ವಾಸ ಮೂರೂ ಸರಿ ಇದ್ದು ನ್ಯಾಯವಾಗಿ ಗೆದ್ದವರನ್ನು ಸದನ ಹೊರಗಿಡುವಂತಿಲ್ಲ ಅಂತ 1969ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಕೇಸು ಹಾಕಿದ್ದವರು ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಸದಸ್ಯ ಆಡಮ್ ಕ್ಲೇಟನ್ ಪೊವೆಲ್.

ವೈಟ್ ಹೋದ ಮೇಲೆ 28 ವರ್ಷ ಕಾಂಗ್ರೆಸ್‌ನಲ್ಲಿ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. 1928ರಲ್ಲಿ ಶಿಕಾಗೋದಿಂದ ಆಸ್ಕರ್ ಡಿ ಪ್ರೀಸ್ಟ್ ಗೆದ್ದರು. ಅಲ್ಲಿಯವರೆಗೆ ಪ್ರಮಾಣ ವಚನ ಒಂದೊಂದೇ ರಾಜ್ಯದ ಸರದಿಯಲ್ಲಿ ನಡೆಯುತ್ತಿತ್ತು. ಅಕ್ಷರ ಕ್ರಮದಲ್ಲಿ ಅಲಬಾಮಾ, ಅರ್ಕನ್ಸಾ, ಫ್ಲೋರಿಡಾ, ಜಾರ್ಜಿಯಾ ಎಲ್ಲ ಇಲಿನಾಯ್ ರಾಜ್ಯಕ್ಕಿಂತ ಮುಂಚೆ ಬರುತ್ತವೆ. ಅಂದರೆ ದಕ್ಷಿಣದ ಸದಸ್ಯರು ಮೊದಲು ಪ್ರಮಾಣ ಸ್ವೀಕರಿಸಿ, ಪೂರ್ಣ ಸದಸ್ಯರಾಗಿ, ಡಿ ಪ್ರೀಸ್ಟ್ ಹೆಸರು ಬಂದಾಗ ಎದ್ದು ಆಕ್ಷೇಪಣೆ ಹಾಕಬಹುದಿತ್ತು. 1869ರಲ್ಲಿ, 1870ರಲ್ಲಿ, 1876ರಲ್ಲಿ ಆದದ್ದು ಅದೇ ತಾನೇ. 1929ರ ಏಪ್ರಿಲ್ 15ರಂದು ಸ್ಪೀಕರ್ ನಿಕೋಲಸ್ ಲಾಂಗ್‌ವರ್ತ್ ರಾಜ್ಯಗಳ ಹೆಸರು ಕೂಗಲಿಲ್ಲ. ಸದಸ್ಯರೆಲ್ಲ ಒಟ್ಟಿಗೆ ಎದ್ದು ನಿಂತರು, ಎಲ್ಲರೂ ಒಂದೇ ಸಲ ಬಲಗೈ ಎತ್ತಿದರು, ಡಿ ಪ್ರೀಸ್ಟ್ ಕೂಡ.